ಹೊತ್ತು ನೋಡಿ ಹೊರಡು

ಮಗಾ, ಸ್ನೇಹಿತರನ್ನು ಕರೆದುಕೊಂಡು ಶನಿವಾರ ಬರ್ತೀನಿ, ಎರಡೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮಂಜರಾಬಾದ್ ಕೋಟೆ, ಶೆಟ್ಟಿಹಳ್ಳಿ ಎಲ್ಲ ಮುಗಿಸ್ತೀವಿ ಅಂದೆ. ಬನ್ನಿ, ಬಹಳ ಸಂತೋಷ. ಆದರೆ ಆ ಪಟ್ಟಿಯಲ್ಲಿ ಒಂದೆರಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಇನ್ನೊಂದು ಸಲಕ್ಕಿಡು. ಒಂದೊಂದು ಜಾಗಕ್ಕೂ ಅದರದೇ ಹೊತ್ತಿದೆ, ಅದರದೇ ಕಾಲವಿದೆ. ಅದು ಕೂಡಿಬಂದಾಗ ಕಂಡದ್ದು ಮನಸ್ಸಿನಿಂದ ಹೋಗುವುದಿಲ್ಲ.

ಶೆಟ್ಟಿಹಳ್ಳಿಯನ್ನೇ ತಗೋ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಖಾಲಿಯಾಯಿತು, ಚರ್ಚು ಮಾತ್ರ ಹಿನ್ನೀರಿನಲ್ಲಿ ನಿಂತಿತು. ಜಲಾಶಯ ತುಂಬಿದಾಗ ಅದು ಅರ್ಧ ಮುಳುಗಿರುತ್ತೆ. ಬೇಸಿಗೆಯಲ್ಲಿ ಒಳಗಿನವರೆಗೂ ನಡೆದು ಹೋಗಬಹುದು. ಎರಡನ್ನೂ ನೋಡು. ನಮ್ಮ ಗದ್ದೆಗಳಿಗೆ ನೀರು ಬರಲೆಂದು ಯಾರು ಮನೆ ಬಿಟ್ಟು ಎದ್ದುಹೋದರು ಅನ್ನುವುದು ಆಗ ನಿನಗೆ ತಿಳಿಯುತ್ತೆ. ಆ ಗೋಡೆ ಹತ್ತಬೇಡಿ, ಹೆಸರು ಗೀಚಬೇಡಿ. ಒಂದು ಊರಿನವರು ಪ್ರಾರ್ಥನೆ ಮಾಡಿದ ಜಾಗ ಅದು.

ಬೆಳಗೊಳಕ್ಕೆ ಬೆಳಗಿನ ಹೊತ್ತು. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರಿದರೆ ಬಂಡೆ ಕಾಲು ಸುಡುತ್ತೆ. ಹಳೇಬೀಡಿಗೆ ಮಧ್ಯಾಹ್ನ ಕಳೆದ ಮೇಲೆ ಹೋಗು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಸಂಜೆ ಬಿಸಿಲು ಹಿಂದಿನ ಗೋಡೆಗೆ ಓರೆಯಾಗಿ ಬಿದ್ದಾಗ ಒಂದೊಂದು ಒಡವೆಯೂ ಎದ್ದು ಕಾಣುತ್ತೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕೆತ್ತನೆಯನ್ನು ಗಳಿಗೆಯಲ್ಲಿ ನೋಡಿ ಮುಗಿಸುವುದು ಅನ್ಯಾಯ.

ನಿನ್ನ ಪಟ್ಟಿಯಲ್ಲಿ ನಮ್ಮ ಅರಕಲಗೂಡು ತಾಲ್ಲೂಕಿನ ಒಂದು ಹೆಸರೂ ಇಲ್ಲ, ಅದೇ ನನಗೆ ಬೇಸರ. ಭಾನುವಾರ ಬೆಳಗ್ಗೆ ಎಲ್ಲರನ್ನೂ ರಾಮನಾಥಪುರಕ್ಕೆ ಕರೆದುಕೊಂಡು ಹೋಗು. ರಾಮೇಶ್ವರನ ದರ್ಶನ ಮಾಡಿ, ಕಾವೇರಿ ದಡದಲ್ಲಿ ವಹ್ನಿ ಪುಷ್ಕರಿಣಿಯ ಹತ್ತಿರ ಕೂತುಕೊಳ್ಳಿ. ಅಲ್ಲಿನ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಪುರಿ ಎರಚಿದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ನಿನ್ನ ಅಪ್ಪ ಚಿಕ್ಕವನಿದ್ದಾಗ ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟವಾಗುತ್ತಿತ್ತು. ಕೊಡಗಿನಲ್ಲಿ ಮಳೆ ಹಿಡಿದಿದ್ದರೆ ಮಾತ್ರ ಮೆಟ್ಟಿಲಿಳಿಯಬೇಡಿ. ಇಲ್ಲಿ ಹನಿ ಇಲ್ಲದಿದ್ದರೂ ಹೊಳೆ ಏರುತ್ತೆ. ಮಾರ್ಗಶಿರದ ಷಷ್ಠಿಗೆ ಬಂದರೆ ಸುಬ್ರಹ್ಮಣ್ಯನ ತೇರನ್ನೂ ನೋಡಬಹುದು.

ಅಲ್ಲಿಂದ ರುದ್ರಪಟ್ಟಣ ಹತ್ತಿರವೇ. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು. ಇಷ್ಟು ಪುಟ್ಟ ಊರಿನಿಂದ ಅಷ್ಟೊಂದು ಸಂಗೀತ ವಿದ್ವಾಂಸರು ಬಂದಿದ್ದಾರೆ ಅಂದರೆ ಹೆಮ್ಮೆಯಲ್ಲವೇನೋ! ತಂಬೂರಿ ಆಕಾರದ ಗುಡಿಯ ಮುಂದೆ ಫೋಟೊ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆದರೆ ಸಂಗೀತೋತ್ಸವ ಯಾವಾಗ ಅಂತ ಅಲ್ಲೇ ಕೇಳಿಕೊಂಡು ಬಾ. ಆ ದಿನಕ್ಕೆ ರಜೆ ಹಾಕು, ನಾನೂ ಜೊತೆಗೆ ಬರ್ತೀನಿ.