ರಷ್ಯಾಕ್ಕೆ ಹೊರಟ ಮಗಳಿಗೆ ಕ್ರಿಯಾಪದದ ಕಿವಿಮಾತು

ಮಗಳೇ, ಮೆಡಿಕಲ್ ಓದಲು ರಷ್ಯಾಕ್ಕೆ ಹೊರಟಿದ್ದೀಯ, ಸಂತೋಷ. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದು ಮಾತ್ರ ನೆಚ್ಚಿಕೊಂಡಿರಬೇಡ. ವಾರ್ಡಿನಲ್ಲಿ ಮಲಗಿರುವ ರೋಗಿ ಮಾತಾಡುವುದು ರಷ್ಯನ್. ಅವರ ನೋವನ್ನು ಅವರ ಮಾತಿನಲ್ಲೇ ಕೇಳಿ ತಿಳಿಯಬೇಕು.

ಎಲ್ಲರೂ ಹೆದರುವುದು ಅಲ್ಲಿನ ಕ್ರಿಯಾಪದಕ್ಕೆ. ನೀನು ಹೆದರಬೇಡ, ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ಹೊರಡು. ‘ಓದುತ್ತೇನೆ’ ಎಂದರೆ ಓದುವುದು ಯಾರೆಂದು ನಮಗೆ ಪದದ ಕೊನೆಯೇ ಹೇಳುತ್ತದಲ್ಲ, ಅಲ್ಲೂ ಹಾಗೆಯೇ. ‘ಚಿತಾಯು’ ಅಂದರೆ ಓದುತ್ತೇನೆ, ‘ಚಿತಾಯೆಷ್’ ಓದುತ್ತೀಯ, ‘ಚಿತಾಯುತ್’ ಓದುತ್ತಾರೆ. ‘ಮಾತಾಡು’ ಎಂಬುದು ಇನ್ನೊಂದು ಗುಂಪು: ‘ಗವರ್ಯೂ’, ‘ಗವರೀಷ್’, ‘ಗವರ್ಯಾತ್’. ಹೆಚ್ಚಿನ ಕ್ರಿಯಾಪದಗಳು ಈ ಎರಡು ಗುಂಪಿನಲ್ಲೇ ಬರುತ್ತವೆ. ಯಾವ ಕ್ರಿಯಾಪದ ಕಲಿತರೂ ನಾನು, ನೀನು, ಅವರು ಎಂಬ ಮೂರು ರೂಪಗಳನ್ನು ಒಟ್ಟಿಗೆ ಕಲಿ. ಉಳಿದವು ತಾವೇ ಹೊಳೆಯುತ್ತವೆ. ‘ಬರೆ’ ಎಂಬುದಕ್ಕೆ ಮೂಲ ‘ಪಿಸಾತ್’, ಬರೆಯುತ್ತೇನೆ ಎನ್ನಲು ‘ಪಿಷೂ’. ಇಂಥ ಅಕ್ಷರ ಬದಲಾವಣೆಯೂ ಈ ಮೂರರಲ್ಲೇ ಸಿಕ್ಕಿಬೀಳುತ್ತದೆ.

ಭೂತಕಾಲದಲ್ಲಿ ಎಚ್ಚರವಿರಲಿ. ‘ನಾನು ಓದಿದೆ’ ಎಂದು ನಮ್ಮಲ್ಲಿ ಹುಡುಗನೂ ಹುಡುಗಿಯೂ ಒಂದೇ ರೀತಿ ಹೇಳುತ್ತಾರೆ. ಅಲ್ಲಿ ಹುಡುಗ ‘ಚಿತಾಲ್’ ಅನ್ನಬೇಕು, ನೀನು ‘ಚಿತಾಲಾ’ ಅನ್ನಬೇಕು. ಸೀನಿಯರ್ ಹುಡುಗರ ಮಾತನ್ನು ಹಾಗೆಯೇ ಒಪ್ಪಿಸಿಬಿಡಬೇಡ.

ಕ್ರಿಯಾಪದಗಳನ್ನು ಜೋಡಿಯಾಗಿ ಕಲಿ. ‘ರಾತ್ರಿಯೆಲ್ಲ ಓದುತ್ತಿದ್ದೆ’ ಬೇರೆ, ‘ಓದಿ ಮುಗಿಸಿದೆ’ ಬೇರೆ. ಮೊದಲನೆಯದು ‘ಚಿತಾಲಾ’, ಎರಡನೆಯದು ‘ಪ್ರಚಿತಾಲಾ’. ‘ಪ್ರಚಿತಾಯು’ ಎಂದರೆ ಓದಿ ಮುಗಿಸುತ್ತೇನೆ, ಅಂದರೆ ಮುಂದೆ ಆಗುವ ಮಾತು. ನಮ್ಮ ‘ಓದಿ ಮುಗಿಸುತ್ತೇನೆ’ಗೂ ಅರ್ಥ ಹಾಗೇ ತಾನೆ?

ನಮ್ಮ ಕೊಪ್ಪದಿಂದ ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ನಡೆದರೂ, ಬಸ್ಸು ಹತ್ತಿ ಮೈಸೂರಿಗೆ ಹೊರಟರೂ ನಮಗೆ ಎರಡೂ ‘ಹೋಗು’. ರಷ್ಯನ್ನರಿಗೆ ನಡೆದರೆ ‘ಇದೂ’, ವಾಹನದಲ್ಲಾದರೆ ‘ಯೇದು’. ದಿನಾ ಹೋಗಿಬರುವುದಕ್ಕೆ ಇನ್ನೆರಡು ಬೇರೆಯೇ ಇವೆ. ಇದನ್ನು ಪಟ್ಟಿ ಉರುಹೊಡೆದು ಗೆಲ್ಲಲಾಗದು. ನೀನು ದಿನಾ ಓಡಾಡುವ ದಾರಿಗೇ ಹೊಂದಿಸಿ ಹೇಳಿಕೊಳ್ಳಬೇಕು.

1961ರಲ್ಲಿ ಪಕ್ಕದ ಬೈಲಕುಪ್ಪೆಯಲ್ಲಿ ನೆಲೆ ಸಿಕ್ಕ ಟಿಬೆಟನ್ನರನ್ನು ನೋಡು. ಅವರ ಅಂಗಡಿಗಳಲ್ಲಿ ಇವತ್ತು ಕನ್ನಡದಲ್ಲೇ ವ್ಯಾಪಾರ ಮಾಡಬಹುದು. ‘ಎಷ್ಟು ಕೊಡ್ತೀರಿ’, ‘ನಾಳೆ ಬನ್ನಿ’ ಎಂದು ಇಡೀ ಮಾತನ್ನೇ ಆಡಿ ಆಡಿ ಬಂದ ಭಾಷೆ ಅದು. ನೀನೂ ಹಾಗೆ ಮಾಡು, ಬಿಡಿ ಪದ ಬೇಡ, ಪೂರ್ತಿ ವಾಕ್ಯ ಬಾಯಿಬಿಟ್ಟು ಹೇಳು. ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದು ಕಿವಿಯಿಂದಲೇ ಬರಬೇಕು.

ನಿನಗೆ ಮೊದಲು ಬೇಕಾಗುವ ವಾಕ್ಯ ‘ಷ್ತೊ ಉ ವಾಸ್ ಬಲೀತ್?’, ಅಂದರೆ ನಿಮಗೆ ಏನು ನೋಯುತ್ತಿದೆ? ತಲೆಯಾದರೆ ‘ಬಲೀತ್’, ಕಾಲುಗಳಾದರೆ ‘ಬಲ್ಯಾತ್’. ನಮ್ಮ ನೋಯುತ್ತದೆ, ನೋಯುತ್ತವೆ ಇದ್ದಂತೆಯೇ. ರೋಗಿಯನ್ನು ಏಕವಚನದಲ್ಲಿ ಮಾತಾಡಿಸಬೇಡ. ಅಲ್ಲೂ ‘ನೀನು’, ‘ನೀವು’ ಎರಡೂ ಇವೆ.

ವಿಮಾನ ಹತ್ತುವವರೆಗೆ ದಿನಕ್ಕೊಂದು ಕ್ರಿಯಾಪದ ಕಲಿ, ಅದರ ಜೋಡಿ ಸಮೇತ, ಸ್ವಂತ ವಾಕ್ಯದಲ್ಲಿಟ್ಟು. ಇವತ್ತೇ ಶುರುಮಾಡು.