ಎಳೆ ಹರಿಯದೆ ನಿಂತ ಮಗ್ಗ

ಬನಹಟ್ಟಿ
ಭಾನುವಾರ ಮುಂಜಾನೆ

ನನ್ನ ಮುದ್ದಿನ ಕೂಸೇ,

ಮೊನ್ನೆ ರಾತ್ರಿ ಜಮಖಂಡಿಯಿಂದ ಫೋನ್ ಮಾಡಿದಾಗ ನಿನ್ನ ದನಿ ನಡುಗುತ್ತಿತ್ತು. ಸೆರಗಿನ ಡಿಸೈನು ತೆಗೆಯುವ ಸಾಫ್ಟ್‌ವೇರ್ ತೆರೆದ ಕೂಡಲೇ ಆ್ಯಂಟಿವೈರಸ್ ಕೆಂಪು ಚೌಕ ತೋರಿಸಿ ಆ ಪ್ರೋಗ್ರಾಮನ್ನೇ ಮಾಯ ಮಾಡಿತು ಅಂದಿ. ಬೆಳಗಾದರೆ ಮಗ್ಗದ ಜಕಾರ್ಡಿಗೆ ಡಿಸೈನು ಕೊಡಬೇಕಿತ್ತು. ಗಡಿಬಿಡಿಯಲ್ಲಿ ಆ್ಯಂಟಿವೈರಸ್ಸನ್ನೇ ಬಂದ್ ಮಾಡಿ, ಸಾಫ್ಟ್‌ವೇರ್ ಮತ್ತೆ ಹಾಕಿಕೊಂಡು ಕೆಲಸ ಮುಗಿಸಿದಿ. ಡಿಸೈನು ಹೊತ್ತಿಗೆ ಸರಿಯಾಗಿ ಬಂತು, ಬಳ್ಳಿಯ ತಿರುವು ಬಹಳ ಚೆಂದ ಬಂದಿದೆ. ಆದರೆ ಆ ಬಂದ್ ಮಾಡಿದ ಮಾತು ಎರಡು ದಿನದಿಂದ ನನ್ನ ತಲೆಯಲ್ಲಿ ಕುಳಿತಿದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ ಅಂತ ಬರೆಯುತ್ತಿದ್ದೇನೆ.

ನಮ್ಮ ಪವರ್‌ಲೂಮಿನ ಫೋರ್ಕ್ ನೀ ನೋಡಿದ್ದೀಯಲ್ಲ? ಲಾಳಿ ಓಡಿದ ಮೇಲೆ ಹೊಕ್ಕಿನ ಎಳೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಪುಟ್ಟ ಕವಲುಮುಳ್ಳು ಅದು. ಎಳೆ ಹರಿದಿದ್ದರೆ ಮಗ್ಗ ನಿಲ್ಲಿಸುತ್ತದೆ. ಕೆಲವು ಸಲ ಎಳೆ ಗಟ್ಟಿಯಾಗಿಯೇ ಇರುತ್ತದೆ, ಮಗ್ಗ ಮಾತ್ರ ನಿಲ್ಲುತ್ತದೆ. ಮುಳ್ಳು ಬಾಗಿರುತ್ತದೆ, ಇಲ್ಲವೇ ನೂಲಿನ ಧೂಳು ಸಿಕ್ಕಿರುತ್ತದೆ. ಹುಡುಗನಿದ್ದಾಗ ಒಮ್ಮೆ ಬೇಸತ್ತು ಆ ಮುಳ್ಳನ್ನು ದಾರದಿಂದ ಮೇಲಕ್ಕೆ ಕಟ್ಟಿಬಿಟ್ಟೆ. ಮಗ್ಗ ನಿಲ್ಲದೆ ಓಡಿತು. ಸಂಜೆ ಬಿಚ್ಚಿ ನೋಡಿದರೆ ಸೀರೆಯ ಒಡಲಲ್ಲಿ ಗೇಣಗಲ ಜಾಳು. ಅಪ್ಪ ಬೈಯಲಿಲ್ಲ. ಮಡಚಿ ಅಟ್ಟದ ಮೇಲಿಟ್ಟರು.

ಆ್ಯಂಟಿವೈರಸ್ಸೂ ಆ ಮುಳ್ಳಿನಂಥದ್ದೇ. ಗೊತ್ತಿರುವ ವೈರಸ್ಸಿನ ಗುರುತು ಸಿಕ್ಕರೆ ಹಿಡಿಯುತ್ತದೆ. ಗುರುತು ಸಿಗದಿದ್ದಾಗ ನಡವಳಿಕೆ ನೋಡಿ ಅನುಮಾನ ಪಡುತ್ತದೆ. ಮುಧೋಳ ನಾಯಿ ಮೂಗಿಗಿಂತ ಕಣ್ಣು ನಂಬಿ ಬೇಟೆಯಾಡುವ ತಳಿ, ಓಡಿದ್ದೆಲ್ಲ ಅದಕ್ಕೆ ಮೊಲ, ಹಾಗೆಯೇ ಇದು. ಸಣ್ಣ ಕಂಪನಿಯವರು ಬರೆದ ಸಾಫ್ಟ್‌ವೇರಿಗೆ ಎಷ್ಟೋ ಸಲ ಡಿಜಿಟಲ್ ಸಹಿ ಇರುವುದಿಲ್ಲ, ಬಳಸುವವರೂ ಕಡಿಮೆ. ನಕಲಾಗದಿರಲಿ ಎಂದು ಫೈಲನ್ನು ಬಿಗಿಯಾಗಿ ಸುತ್ತಿರುತ್ತಾರೆ. ವೈರಸ್ ಬರೆಯುವವರು ಸುತ್ತುವುದೂ ಹಾಗೆಯೇ, ಅದಕ್ಕೇ ಅನುಮಾನ ಬರುತ್ತದೆ. ದೊಡ್ಡವರೂ ತಪ್ಪಿದ್ದಾರೆ: 2010ರ ಏಪ್ರಿಲ್ 21ರಂದು ಮೆಕಾಫಿ ಎಂಬ ಆ್ಯಂಟಿವೈರಸ್ಸಿನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿ ನಡೆಯಲು ಬೇಕೇ ಬೇಕಾದ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಎಂದು ಹಿಡಿದು, ದೇಶದೇಶಗಳ ಕಂಪ್ಯೂಟರುಗಳು ಬಂದ್ ಆಗುತ್ತ ಚಾಲೂ ಆಗುತ್ತ ಒದ್ದಾಡಿದವು.

ಇನ್ನೊಮ್ಮೆ ಕೆಂಪು ಚೌಕ ಬಂದರೆ ಪೂರ್ತಿ ಓದು, ಮೊಬೈಲಿನಲ್ಲಿ ಫೋಟೋ ತೆಗೆ. ಯಾವ ಫೈಲು, ಎಲ್ಲಿತ್ತು, ಏನು ಹೆಸರಿಟ್ಟಿದೆ? ಹೆಸರಿನಲ್ಲಿ ‘ಜೆನರಿಕ್’, ‘ಹ್ಯೂರಿಸ್ಟಿಕ್’ ಎಂದಿದ್ದರೆ ಅದು ಬಹುಮಟ್ಟಿಗೆ ಅಂದಾಜು. ಅಂದಾಜು ಎಂದ ಮಾತ್ರಕ್ಕೆ ಸುಳ್ಳಲ್ಲ. ಮಾಯವಾದ ಫೈಲು ಸಾಮಾನ್ಯವಾಗಿ ‘ಕ್ವಾರಂಟೈನ್’ನಲ್ಲಿ ಬೀಗದೊಳಗೆ ಇರುತ್ತದೆ, ವಾಪಸ್ ತರಬಹುದು. ಅವಸರ ಬೇಡ. ಮೊದಲು ಆ್ಯಂಟಿವೈರಸ್ ಅಪ್‌ಡೇಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡು, ತಪ್ಪು ಗುರುತನ್ನು ಆ್ಯಂಟಿವೈರಸ್ ಕಂಪನಿಯವರೇ ತಿದ್ದಿರಬಹುದು. ವೈರಸ್‌ಟೋಟಲ್ ಎಂಬ ಜಾಲತಾಣದಲ್ಲಿ ಒಂದೇ ಫೈಲನ್ನು ಹತ್ತಾರು ಆ್ಯಂಟಿವೈರಸ್‌ಗಳು ನೋಡುತ್ತವೆ. ಒಂದೆರಡು ಮಾತ್ರ ಕೂಗಿ ಉಳಿದವು ಸುಮ್ಮನಿದ್ದರೆ ಮನಸ್ಸಿಗೆ ಅಷ್ಟು ಧೈರ್ಯ. ಅಲ್ಲಿಗೆ ಸಾಫ್ಟ್‌ವೇರಿನ ಫೈಲು ಮಾತ್ರ ಹಾಕು, ಸೆರಗಿನ ಡಿಸೈನು ಹಾಕಬೇಡ. ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಹೋಗುತ್ತದೆ, ಆ ಡಿಸೈನು ಕೆಲಸ ಕೊಟ್ಟ ಸಾಹುಕಾರರದು. ಎಲ್ಲ ಸರಿ ಅನ್ನಿಸಿದರೆ ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡು, ಇಡೀ ಡ್ರೈವಿಗೆ ಬೇಡ.

ಬೀಳಗಿಯ ನಿನ್ನ ಅತ್ತೆಗೆ ಬಂದ ಎಚ್ಚರಿಕೆಯೇ ಬೇರೆ. ಬ್ರೌಸರಿನಲ್ಲಿ ಸೈರನ್ ಕೂಗಿ, ಈ ನಂಬರಿಗೆ ಫೋನ್ ಮಾಡಿ ಎಂದಿತ್ತು. ಅದು ಆ್ಯಂಟಿವೈರಸ್ ಅಲ್ಲವೇ ಅಲ್ಲ, ಮೋಸ. ಬ್ರೌಸರ್ ಮುಚ್ಚಿದರೆ ಸಾಕು. ದುಡ್ಡು ಹೋಗಿದ್ದರೆ ಮಾತ್ರ ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಈಗ ನನ್ನನ್ನು ಕಾಡುತ್ತಿರುವ ಮಾತಿಗೆ ಬರುತ್ತೇನೆ. ನಿನ್ನದು ಸುಳ್ಳು ಎಚ್ಚರಿಕೆ ಎಂದು ಆ ರಾತ್ರಿ ನಾವಿಬ್ಬರೂ ಒಪ್ಪಿಕೊಂಡೆವು. ಹೇಗೆ ಒಪ್ಪಿದೆವು, ಕೂಸೇ? ಆ ಸಾಫ್ಟ್‌ವೇರ್ ಗೆಳತಿಯ ಪೆನ್‌ಡ್ರೈವಿನಿಂದ ಬಂದದ್ದು, ದುಡ್ಡು ಕೊಡದೆ ನಡೆಯುವಂತೆ ಯಾರೋ ಬೀಗ ಮುರಿದ ಪ್ರತಿ. ಬೀಗ ಮುರಿದವನು ಒಳಗೆ ಇನ್ನೇನು ಇಟ್ಟಿದ್ದಾನೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಳೆ ಖರೇ ಹರಿದೇ ಮಗ್ಗ ನಿಂತಿರಬಹುದು.

ಪತ್ರ ಕೈಸೇರಿದ ಕೂಡಲೇ ಆ್ಯಂಟಿವೈರಸ್ ಚಾಲೂ ಮಾಡಿ ಫುಲ್ ಸ್ಕ್ಯಾನ್ ಹಚ್ಚು. ಅದು ಮುಗಿಯುವವರೆಗೆ ಆ ಕಂಪ್ಯೂಟರಿನಲ್ಲಿ ನಿಮ್ಮಪ್ಪನ ಬ್ಯಾಂಕ್ ಖಾತೆ ತೆರೆಯಬೇಡ, ಆ ಪೆನ್‌ಡ್ರೈವನ್ನು ಎಲ್ಲಿಯೂ ಹಚ್ಚಬೇಡ. ಗೆಳತಿಗೂ ಹೇಳು. ಸಾಫ್ಟ್‌ವೇರ್ ಮಾಡಿದವರ ಜೊತೆ ನಾನು ಮಾತಾಡಿದ್ದೇನೆ, ಅಸಲಿ ಪ್ರತಿಯನ್ನು ಕಂತಿನ ಮೇಲೆ ಕೊಡಲು ಒಪ್ಪಿದ್ದಾರೆ. ಗುರುವಾರ ಮೊದಲ ಕಂತಿನ ದುಡ್ಡು ತಗೊಂಡು ಬಸ್ಸಿಗೆ ಬರುತ್ತೇನೆ. ಅಜ್ಜಿ ಸಜ್ಜೆ ರೊಟ್ಟಿ ಕಟ್ಟಿಕೊಡುತ್ತಾಳಂತೆ.

ನಿನ್ನ
ಮುತ್ಯಾ