ತೋಟದ ಮನೆಗೆ ಡಿ.ಎಸ್.ಎಲ್. ಮೋಡೆಮ್: ಜೋಡಣೆಯ ಕ್ರಮ

ಪಹಣಿ ನೋಡಲು, ಬೆಳೆ ವಿಮೆಗೆ ಅರ್ಜಿ ಸಲ್ಲಿಸಲು, ಪೇಟೆಯ ಧಾರಣೆ ತಿಳಿಯಲು ಇಂದು ರೈತರಿಗೆ ಅಂತರಜಾಲ ಬೇಕಾಗಿದೆ. ಭಾರತ ಸಂಚಾರ ನಿಗಮವು 2005ರಲ್ಲಿ ಆರಂಭಿಸಿದ ಬ್ರಾಡ್‌ಬ್ಯಾಂಡ್ ಸೇವೆ ಹಳೆಯ ತಾಮ್ರದ ದೂರವಾಣಿ ತಂತಿಯ ಮೇಲೆಯೇ ಮನೆಗಳಿಗೆ ಬಂದಿತು. ಈಗ ಹಲವೆಡೆ ಫೈಬರ್ ಅದರ ಸ್ಥಾನಕ್ಕೆ ಬಂದಿದೆ. ದೊರೆಯುವಲ್ಲಿ ಅದನ್ನೇ ಪಡೆಯುವುದು ಲೇಸು. ತಾಮ್ರದ ತಂತಿಯೇ ಉಳಿದಿರುವ ಮನೆಯವರು ಮುಂದಿನ ವಿವರಗಳನ್ನು ಗಮನಿಸಬೇಕು.

ಒಂದೇ ತಂತಿಯಲ್ಲಿ ಮಾತೂ ಅಂತರಜಾಲವೂ ಹರಿಯುವುದು ಹೇಗೆ? ಮಾತು 4 ಕಿಲೋಹರ್ಟ್ಸ್‌ಗಿಂತ ಕೆಳಗಿನ ಕಂಪನಾಂಕದಲ್ಲಿಯೂ ಅಂತರಜಾಲದ ಸಂಕೇತ ಸುಮಾರು 25 ಕಿಲೋಹರ್ಟ್ಸ್‌ಗಿಂತ ಮೇಲೆಯೂ ಸಾಗುತ್ತವೆ. ಹೆಚ್ಚಿನ ಕಂಪನಾಂಕದ ಸಂಕೇತ ತಂತಿಯಲ್ಲಿ ಬೇಗ ಕ್ಷೀಣಿಸುತ್ತದೆ. ಪಂಪ್‌ಸೆಟ್ಟಿನಿಂದ ಪೈಪು ಉದ್ದವಾದಷ್ಟೂ ಕೊನೆಯಲ್ಲಿ ನೀರಿನ ಒತ್ತಡ ಇಳಿಯುವುದನ್ನು ನೀವು ಕಂಡಿದ್ದೀರಿ, ಇಲ್ಲಿಯೂ ಹಾಗೆಯೇ. ದೂರವಾಣಿ ಕೇಂದ್ರದಿಂದ ತಂತಿಯ ಉದ್ದ 3 ಕಿ.ಮೀ. ಮೀರಿದರೆ ವೇಗ ಚೆನ್ನಾಗಿ ತಗ್ಗುತ್ತದೆ, 5 ಕಿ.ಮೀ. ಸುಮಾರಿಗೆ ಸಂಪರ್ಕ ನಿಲ್ಲುವುದೇ ಕಷ್ಟ. ಎಷ್ಟು ಬೆಲೆಯ ಮೋಡೆಮ್ ತಂದರೂ ಈ ಕೊರತೆ ನೀಗದು.

ಮನೆಗೆ ಬಂದ ತಂತಿಯನ್ನು ಮೊದಲು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯ 'ಲೈನ್' ಕಿಂಡಿಗೆ ಸೇರಿಸಿ. ಅಲ್ಲಿಂದ ಒಂದು ತಂತಿ ದೂರವಾಣಿಗೆ, ಇನ್ನೊಂದು ಮೋಡೆಮಿಗೆ. ಅಡುಗೆಮನೆಗೋ ಜಗಲಿಗೋ ಎರಡನೆಯ ದೂರವಾಣಿ ಇದ್ದರೆ ಅದನ್ನು ಸ್ಪ್ಲಿಟರಿನ ನಂತರವೇ ಜೋಡಿಸತಕ್ಕದ್ದು. ಫೋನ್ ಗಂಟೆ ಬಾರಿಸಿದಾಗಲೆಲ್ಲ ಅಂತರಜಾಲ ಕಡಿಯುತ್ತಿದ್ದರೆ ಮೊದಲು ಇಲ್ಲಿ ಹುಡುಕಿ.

ಮೋಡೆಮನ್ನು ಕಂಪ್ಯೂಟರಿಗೆ ಜೋಡಿಸಿ ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಸಾಮಾನ್ಯವಾಗಿ ಮೋಡೆಮಿನ ಪುಟ ತೆರೆಯುತ್ತದೆ. ಬೇರೆ ಸಂಖ್ಯೆಯಿದ್ದರೆ ಅದು ಮೋಡೆಮಿನ ತಳದಲ್ಲಿರುತ್ತದೆ. ಸಂಚಾರ ನಿಗಮದ ಸಂಪರ್ಕಕ್ಕೆ ವಿ.ಪಿ.ಐ. 0, ವಿ.ಸಿ.ಐ. 35, ಬಗೆ ಪಿ.ಪಿ.ಪಿ.ಓ.ಇ. ಕಚೇರಿಯವರು ಕೊಟ್ಟ ಬಳಕೆದಾರರ ಹೆಸರನ್ನೂ ಗುಪ್ತಪದವನ್ನೂ ತುಂಬಿ ಉಳಿಸಿ. ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಭದ್ರವಾಗಿಡಿ. ಸಂಪರ್ಕ ಹೋದೊಡನೆ ಹಿಂಬದಿಯ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿಯುವ ಅಭ್ಯಾಸ ಹಲವರಿಗಿದೆ. ಅದರಿಂದ ತುಂಬಿದ್ದೆಲ್ಲ ಅಳಿಸಿಹೋಗಿ ಒಂದು ತೊಂದರೆ ಎರಡಾಗುತ್ತದೆ.

ಗುಂಡಿಗೆ ಕೈಹಾಕುವ ಮೊದಲು ದೀಪಗಳನ್ನು ನೋಡಿ. ಡಿ.ಎಸ್.ಎಲ್. ದೀಪ ಸ್ಥಿರವಾಗಿದ್ದು ಇಂಟರ್‌ನೆಟ್ ದೀಪ ಮಾತ್ರ ಹೊತ್ತದಿದ್ದರೆ ತುಂಬಿದ ವಿವರದಲ್ಲಿ ದೋಷ, ಇಲ್ಲವೇ ಬಿಲ್ಲು ಬಾಕಿ. ಡಿ.ಎಸ್.ಎಲ್. ದೀಪವೇ ಮಿಟುಕುತ್ತಿದ್ದರೆ ದೋಷ ಬಹುಪಾಲು ತಂತಿಯದು. ಹೊಸ ಮೋಡೆಮಿಗೆ ದುಡ್ಡು ಸುರಿಯಬೇಡಿ. ಮಳೆಗಾಲದಲ್ಲಿ ಸೂರಿನಡಿಯ ಕೀಲುಗಳಿಗೆ ನೀರಿಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಫೋನಿನಲ್ಲಿ ಕರಕರ ಸದ್ದು ಕೇಳುವುದು ಇದಕ್ಕೆ ಕುರುಹು. ಮನೆಯೊಳಗಿನ ಕೀಲನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಂತೆ ಕೆರೆದು ಮತ್ತೆ ಬಿಗಿಯಿರಿ. ಹೊರಗಿನದನ್ನು ಲೈನ್‌ಮನ್‌ಗೆ ಬಿಡಿ. ಮೋಡೆಮಿನ ಪುಟದಲ್ಲಿ ಎಸ್.ಎನ್.ಆರ್. ಮಾರ್ಜಿನ್ ಎಂಬ ಅಂಕಿಯಿರುತ್ತದೆ. ಅದು 6 ಡೆಸಿಬೆಲ್‌ಗಿಂತ ಕೆಳಗಿದ್ದರೆ ಸಂಪರ್ಕ ಪದೇ ಪದೇ ಕಡಿಯುವುದು ಸಹಜ. ದೂರಿನಲ್ಲಿ ಈ ಅಂಕಿಯನ್ನು ಬರೆಯಿರಿ. 'ನೆಟ್ ಬರುತ್ತಿಲ್ಲ' ಎಂಬ ಬರಿಯ ಮಾತಿಗಿಂತ ಇದಕ್ಕೆ ತೂಕ ಹೆಚ್ಚು.

ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮೋಡೆಮ್ ಸುಡುವುದುಂಟು. ಸಿಡಿಲಿನ ವಿದ್ಯುತ್ತು ದೂರವಾಣಿ ತಂತಿಯ ಮೂಲಕವೂ ಒಳಬರುವುದರಿಂದ ಸ್ವಿಚ್ ಆರಿಸಿದರೆ ಸಾಲದು. ಮೋಡ ಕವಿಯುವಾಗಲೇ, ಗುಡುಗು ಹತ್ತಿರವಾಗುವ ಮುನ್ನ, ಪ್ಲಗ್ಗನ್ನೂ ದೂರವಾಣಿ ತಂತಿಯನ್ನೂ ಎರಡನ್ನೂ ಕಳಚಿಡಿ.